ಮೂರು ಗೀರು, ಒಂದು ಚುಕ್ಕೆ

ಮಾರ್ಚ್ 4, ಸೋಮವಾರ

ಇವತ್ತು ಬೈಂಡಿಂಗಿಗೆ ಒಂಬತ್ತು ಪುಸ್ತಕ. ಎಂಟು ಸುಲಭದವು — ಬೆನ್ನಿಗೆ ಬಟ್ಟೆ ಅಂಟಿಸಿ ಪ್ರೆಸ್ಸಿಗೆ ಹಾಕಿದರೆ ಮುಗಿಯಿತು. ಒಂಬತ್ತನೆಯದು ಜೀವ ತಿಂದಿತು. ಲೈಬ್ರರಿಯ ಮಕ್ಕಳ ವಿಭಾಗದ್ದು. ಮಂತ್ರ, ಗೋಪುರ, ಮಾತಾಡುವ ಕಾಗೆ... ಏಳು ಭಾಗದ ಕಥೆಯಂತೆ, ಇದು ಮೊದಲನೆಯದು. ದಿಂಬಿನಷ್ಟು ದಪ್ಪ. ಹೊಲಿಗೆ ಬಿಚ್ಚಿ ಹಾಳೆಗಳೆಲ್ಲ ಕೈಗೆ ಬಂದಿದ್ದವು. ಅದೂ ಸಾಲದು ಅಂತ ಅಂಚಿನ ತುಂಬ ಪೆನ್ಸಿಲ್. ಯಾವ ಪುಟ ತೆರೆದರೂ ಗೀಚು.

ಮಧ್ಯಾಹ್ನದವರೆಗೂ ಅಳಿಸಿದೆ. ಹೊಸ ರಬ್ಬರು ಅರ್ಧಕ್ಕೆ ಬಂತು. ಅಳಿಸುವಾಗ ಓದಬಾರದು — ಕೆಲಸ ಕಲಿಸಿದ ಮೇಸ್ತ್ರಿ ಮೊದಲ ದಿನವೇ ಹೇಳಿದ್ದು. ಓದುತ್ತ ಕೂತರೆ ದಿನಕ್ಕೊಂದು ಪುಸ್ತಕವೂ ಆಗುವುದಿಲ್ಲ. ಇಪ್ಪತ್ತಾರು ವರ್ಷವಾಯಿತು, ಒಂದು ಸಾಲೂ ಓದಿಲ್ಲ. ಕಣ್ಣು ಗೀಟಿನ ಮೇಲೆ, ಮನಸ್ಸು ಮನೆಯ ಮೇಲೆ.

ಹಳೆಯ ತಾರೀಖಿನ ಚೀಟಿ ಕಿತ್ತು ಬಿಸಾಕಿ ಹೊಸದು ಅಂಟಿಸಿದೆ. ಹಾಳೆಗಳಿಗೆ ಸ್ವಲ್ಪ ತೇವ ಕೊಟ್ಟು ಪ್ರೆಸ್ಸಿನಲ್ಲಿ ಬಿಗಿದೆ. ನಾಳೆಗೆ ಇಸ್ತ್ರಿ ಮಾಡಿದ ಹಾಗಿರುತ್ತದೆ. ನನ್ನ ಕೆಲಸ ನನಗೇ ಮೆಚ್ಚುಗೆಯಾಗುವ ದಿನ ಕಡಿಮೆ. ಇವತ್ತು ಆಯಿತು.

ಮಾರ್ಚ್ 7, ಗುರುವಾರ

ದಪ್ಪ ಪುಸ್ತಕ ನನ್ನ ಕೆಳಗಿನ ಕೋಣೆಯಿಂದ ಮೇಲೆ ಲೈಬ್ರರಿಗೆ ಹೋಯಿತು. ಕೌಂಟರ್ ಮೇಡಂ ಸವರಿ ನೋಡಿ, “ಹೊಸದೇ ಅನ್ಸುತ್ತೆ ಅಮ್ಮಾ” ಅಂದರು. ಸೊಂಟ ನೋವು. ಬೇಗ ಮಲಗಬೇಕು.

ಮಾರ್ಚ್ 21, ಗುರುವಾರ

ಮಾನ ಹೋಯಿತು. ಆ ದಪ್ಪ ಪುಸ್ತಕ ವಾಪಸ್ ಬಂದಿದೆ. ಒಂದು ಫಾರಂ — ಹದಿನಾರು ಪುಟ — ಹಿಂದುಮುಂದಾಗಿ ಹೊಲಿದಿದ್ದೇನೆ. ಯಾರೋ ಓದುಗರು ಚೀಟಿ ಇಟ್ಟು ಕೊಟ್ಟಿದ್ದಾರೆ: “ಸತ್ತವನು ಮುಂದಿನ ಪುಟದಲ್ಲಿ ಎದ್ದು ಊಟ ಮಾಡುತ್ತಿದ್ದಾನೆ.”

ಮೇಡಂ ನಕ್ಕರು. “ನಿಮ್ಮ ಕೈಲೂ ತಪ್ಪಾಗುತ್ತಾ ಅಂತ ನನಗೇ ಆಶ್ಚರ್ಯ.” ನನಗೆ ನಗು ಬರಲಿಲ್ಲ.

ಬಿಚ್ಚಿ ಮತ್ತೆ ಜೋಡಿಸಬೇಕು. ಪುಟಸಂಖ್ಯೆ ನೋಡೋಣವೆಂದರೆ ಹಿಂದೊಮ್ಮೆ ಯಾರೋ ಅಂಚು ಕತ್ತರಿಸುವಾಗ ಕೆಳಗಿನ ಸಂಖ್ಯೆಗಳನ್ನೂ ಸೇರಿಸಿ ಕತ್ತರಿಸಿದ್ದಾರೆ. ಯಾರೋ ಏನು, ನಾನೇ. ಈಗ ಓದಿಯೇ ಜೋಡಿಸಬೇಕು. ಗ್ರಹಚಾರ. ಬ್ಯಾಗಿಗೆ ಹಾಕಿಕೊಂಡು ಮನೆಗೆ ತಂದೆ.

ಮಾರ್ಚ್ 23, ಶನಿವಾರ

ಸ್ಕೂಲು ಬಿಟ್ಟ ಮೇಲೆ ಓದುತ್ತಿರುವ ಮೊದಲ ಕಥೆ. ಮೊದಲ ಐವತ್ತು ಪುಟ ಬೈದುಕೊಂಡು ಓದಿದೆ. ಆಮೇಲೆ ಬೈಯುವುದು ಮರೆತುಹೋಯಿತು.

ಒಂದು ಊರು. ಅಲ್ಲಿ ಹನ್ನೆರಡು ತುಂಬಿದ ಮಕ್ಕಳು ತಮ್ಮ ದನಿಯನ್ನು ಗಂಟೆಗೋಪುರಕ್ಕೆ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ಬಾಯಿ ಇರುತ್ತದೆ, ಮಾತು ಇರುವುದಿಲ್ಲ. ದೊಡ್ಡವರಿಗೆಲ್ಲ ನೆಮ್ಮದಿ. ಮನೆ ಎಷ್ಟು ಶಾಂತವಾಗಿದೆ ಎಂದು ಮೆಚ್ಚಿಕೊಳ್ಳುತ್ತಾರೆ. ಕಥೆಯ ಹುಡುಗಿಗೆ ಹನ್ನೆರಡು ತುಂಬಲು ಒಂದು ತಿಂಗಳಿದೆ. ತಪ್ಪಿಸಿಕೊಳ್ಳಬೇಕು. ಅಣ್ಣನ ದನಿ ಆಗಲೇ ಗೋಪುರದಲ್ಲಿದೆ.

ಇವರು ಟಿವಿ ಮುಂದಿನಿಂದ ಇಣುಕಿ, “ಏನಿದು, ಕನ್ನಡಕ ಹಾಕ್ಕೊಂಡು ಮಕ್ಕಳ ಕಥೆ? ರಿಟೈರ್ ಆಗಿದ್ದು ನಾನೋ ನೀನೋ?” ಅಂದರು. ಮೂವತ್ತು ವರ್ಷ ಬಸ್ಸು ಓಡಿಸಿದವರು, ಕೂತಲ್ಲೇ ಹಾರ್ನ್ ಹೊಡೆಯುವ ಚಟ ಹೋಗಿಲ್ಲ. ಕಥೆ ಹೇಳಿದೆ. ಸಂಜೆ ಟೀ ಕೊಡುವಾಗ ತಾವಾಗಿಯೇ, “ಅಣ್ಣನ ವಿಷಯ ಏನಾಯ್ತು?” ಅಂದರು. ಟಿವಿ ಸದ್ದು ಕಡಿಮೆ ಮಾಡಿದ್ದರು.

ಮಾರ್ಚ್ 24, ಭಾನುವಾರ, ಮಧ್ಯಾಹ್ನ

ಹತ್ತೊಂಬತ್ತನೆಯ ಅಧ್ಯಾಯ. ದನಿ ಹೋದ ಮಕ್ಕಳು ಬಾಗಿಲ ಮೇಲೆ ಉಗುರಿನಿಂದ ಒಂದು ಗುರುತು ಕೆರೆಯುತ್ತಾರೆ. ಮೂರು ಗಿಡ್ಡ ಗೀರು, ಕೆಳಗೊಂದು ಚುಕ್ಕೆ. ಅದರ ಅರ್ಥ: ಒಳಗಿದ್ದೇನೆ. ಹೇಳಲಾರೆ. ಬಾಗಿಲು ತೆಗೆಯಿರಿ.

ಪುಸ್ತಕ ಕೈಯಿಂದ ಜಾರಿತು.

ಮೂರು ಗೀರು, ಒಂದು ಚುಕ್ಕೆ. ಆ ದಿನ ಅಳಿಸಿದ್ದು ಅದನ್ನೇ. ಪುಟದ ನಂತರ ಪುಟ, ಅದೇ ಗುರುತು. ಅದರ ಪಕ್ಕದಲ್ಲಿ ಸಣ್ಣ ಅಕ್ಷರ. ಏನು ಬರೆದಿತ್ತೋ... ನಾನು ಓದಲಿಲ್ಲವಲ್ಲ. ಮೂಲೆಯಲ್ಲಿ ಒತ್ತಿ ಬರೆದಿದ್ದ ಕಡೆ ಜೋರಾಗಿ ಉಜ್ಜಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಇವರಿಗೆ ಹೇಳಿದೆ. “ಮಕ್ಕಳು ಆಟಕ್ಕೆ ಬರ್ದಿರ್ತಾವೆ ಬಿಡೆ” ಅಂದರು. ಆಮೇಲೆ ತಾವೇ, “ಎಷ್ಟು ಪುಟದಲ್ಲಿತ್ತು?” ಎಂದು ಕೇಳಿದರು. ಎಲ್ಲದರಲ್ಲೂ ಅಂದೆ. ಎದ್ದು ಹೋಗಿ ಟಿವಿ ಆರಿಸಿದರು.

ಮಾರ್ಚ್ 25, ಸೋಮವಾರ

ಬೆಳಗ್ಗೆ ಹೋದವಳೇ ಟೇಬಲ್ ಲ್ಯಾಂಪನ್ನು ಹಾಳೆಯ ಮಟ್ಟಕ್ಕೆ ಬಗ್ಗಿಸಿದೆ. ಪೆನ್ಸಿಲ್ ಹೋದರೂ ಒತ್ತಿದ ಗೆರೆಯ ತಗ್ಗು ಉಳಿಯುತ್ತದೆ, ಓರೆ ಬೆಳಕಿನಲ್ಲಿ ಕಾಣುತ್ತದೆ. ಆದರೆ ತೇವ ಕೊಟ್ಟು, ಒಂದು ರಾತ್ರಿ ಪ್ರೆಸ್ಸಿನಲ್ಲಿ ಬಿಗಿದಿದ್ದೆನಲ್ಲ. ಸಪಾಟು. ಇನ್ನೂರು ಹಾಳೆ ಹುಡುಕಿದೆ. ಸಿಕ್ಕಿದ್ದು ಎರಡೇ ಮಾತು. ಒಂದು ಕಡೆ ‘ಬೀಗ’. ಇನ್ನೊಂದು ಕಡೆ ‘ನೀರು’.

ಕೌಂಟರ್ ಮೇಡಂ ಹತ್ತಿರ ಓಡಿದೆ. ಅವರಿಗೆ ತಕ್ಷಣ ನೆನಪಾಯಿತು.

“ಎರಡು ಜಡೆ ಹುಡುಗಿ. ಹನ್ನೊಂದೋ ಹನ್ನೆರಡೋ ಇರಬೇಕು. ಪುಸ್ತಕ ಶೆಲ್ಫಿಗೆ ಬಂದ ಮಾರನೇ ದಿನವೇ ಬಂದ್ಳು. ನಿಂತ್ಕೊಂಡೇ ಎಲ್ಲಾ ಹಾಳೆ ಮಗುಚಿದ್ಳು. ಇದನ್ನ ಅಳ್ಸಿದ್ದು ಯಾರು ಅಂತ ಕೇಳಿದ್ಳು. ಬೈಬೇಕು ಅಂತಿದ್ದೆ, ಮುಖ ನೋಡಿ ಬೈಲಿಲ್ಲ.”

“ನೀವೇನಂದ್ರಿ?”

“ಕೆಳಗೆ ಬೈಂಡಿಂಗ್ ಅಮ್ಮ ಇದ್ದಾರೆ, ಪ್ರತಿಯೊಂದು ಪುಟಾನೂ ನೋಡ್ತಾರೆ, ಒಂದು ಗೀಟೂ ಬಿಡಲ್ಲ ಅಂದೆ.” ಮೇಡಂ ದನಿ ಇಳಿಯಿತು. “ನಿಮ್ಮನ್ನ ಹೊಗಳೋಕೆ ಹೇಳಿದ್ದಮ್ಮಾ.”

ಹುಡುಗಿ ಸುಮ್ಮನೆ ತಲೆ ಆಡಿಸಿ ಎರಡನೇ ಭಾಗ ತೆಗೆದುಕೊಂಡು ಹೋದಳಂತೆ.

ಅಂದರೆ ಅವಳ ಲೆಕ್ಕದಲ್ಲಿ ನಾನು ಎಲ್ಲವನ್ನೂ ಓದಿದ್ದೇನೆ. ಓದಿ, ಉಜ್ಜಿ ಹಾಕಿದ್ದೇನೆ. ಊಟದ ಡಬ್ಬಿ ತೆಗೆಯಲಾಗಲಿಲ್ಲ.

ಎರಡನೇ ಭಾಗ ಇನ್ನೂ ಅವಳ ಹತ್ತಿರವೇ ಇದೆ, ಹಾಗಾಗಿ ಅವಳ ಲೈಬ್ರರಿ ಟಿಕೆಟ್ ಕೌಂಟರಿನ ಟ್ರೇನಲ್ಲಿತ್ತು. ರಿಜಿಸ್ಟರಿನಲ್ಲಿ ವಿಳಾಸವೂ ಸಿಕ್ಕಿತು. ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಎರಡು ಸಲ ತಪ್ಪು ನಂಬರ್.

ಮಾರ್ಚ್ 28, ಗುರುವಾರ

ಸಹಾಯವಾಣಿಯಿಂದ ಒಬ್ಬ ಹೆಂಗಸು ಬಂದಿದ್ದರು. ಒಳ್ಳೆಯವರೇ. ಪೂರ್ತಿ ಕೇಳಿಸಿಕೊಂಡು ಬರೆದುಕೊಂಡರು. ಆಮೇಲೆ, “ಆ ಪುಸ್ತಕ ತೋರ್ಸಿ” ಅಂದರು.

ಕೊಟ್ಟೆ. ಹಾಳೆ ಮಗುಚಿದರು. ಮಗುಚಿದರು. ಅಂಚುಗಳೆಲ್ಲ ತೊಳೆದಿಟ್ಟ ತಟ್ಟೆಯ ಹಾಗೆ.

“ಇದರಲ್ಲೇನೂ ಇಲ್ವಲ್ಲಮ್ಮ.”

ಲ್ಯಾಂಪ್ ಬಗ್ಗಿಸಿ ‘ಬೀಗ’ ತೋರಿಸಿದೆ. ಅವರಿಗೆ ಕಂಡಿತೋ ಇಲ್ಲವೋ. ಹೋಗಿ ನೋಡಿಕೊಂಡು ಬರುತ್ತೇವೆ, ನೀವು ಮಾತ್ರ ಆ ಮನೆಗೆ ಹೋಗಬೇಡಿ ಎಂದು ಹೇಳಿ ಹೊರಟರು.

ಏಪ್ರಿಲ್ 2, ಮಂಗಳವಾರ

ಫೋನ್ ಬಂತು. ಹೋಗಿದ್ದರಂತೆ. ಮನೆ ಅಚ್ಚುಕಟ್ಟು. ಅಪ್ಪ ಅಮ್ಮ ಮರ್ಯಾದಸ್ಥರು, ಕೂರಿಸಿ ಟೀ ಕೊಟ್ಟರಂತೆ. ಮೈಮೇಲೆ ಗಾಯ ಇಲ್ಲ. ಹುಡುಗಿಯನ್ನು ಕೇಳಿದ್ದಕ್ಕೆ, “ಕಥೆಯಲ್ಲಿತ್ತು, ಆಟಕ್ಕೆ ಬರೆದೆ” ಅಂದಳಂತೆ.

“ಅವಳ ಅಕ್ಷರದಲ್ಲಿ ಏನಾದ್ರೂ ಇದ್ದಿದ್ರೆ ನಾವು ಮುಂದುವರೀಬಹುದಿತ್ತು” ಅಂದರು. ಬೈದಿದ್ದರೆ ವಾಸಿಯಿತ್ತು.

ಏಪ್ರಿಲ್ 5, ಶುಕ್ರವಾರ

ಮನೆಗೆ ಹೋಗಬೇಡಿ ಅಂದಿದ್ದರು. ರಸ್ತೆಗೆ ಹೋಗಬೇಡಿ ಅಂದಿರಲಿಲ್ಲ. ಇವರೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದರು. ಆ ಬೀದಿಯಲ್ಲಿ ಬಸ್ಸು ಓಡಿಸಿದ್ದರಂತೆ.

ಹಸಿರು ಗೇಟು. ಕುಂಡದಲ್ಲಿ ಹೂವು. ಒಗೆದ ಬಟ್ಟೆ ಸಾಲಾಗಿ ಒಣಗುತ್ತಿತ್ತು. ಪಕ್ಕದ ಓಣಿಯಿಂದ ಹಿಂಭಾಗ ಕಾಣುತ್ತದೆ. ಅಲ್ಲೊಂದು ಸಣ್ಣ ಕಿಟಕಿ, ಹೊರಗಿನಿಂದ ಹಲಗೆ ಹೊಡೆದಿದೆ. ಸಾಮಾನು ತುಂಬುವ ಕೋಣೆ ಇರಬಹುದು. ಇರಬಹುದು... ಐದು ನಿಮಿಷ ನಿಂತೆವು. ಏನೂ ಕೇಳಿಸಲಿಲ್ಲ. ಎಷ್ಟು ಶಾಂತವಾದ ಮನೆ.

ಏಪ್ರಿಲ್ 12, ಶುಕ್ರವಾರ

ಈಗ ಅಳಿಸುವ ಮುಂಚೆ ಪ್ರತಿ ಗೀಟನ್ನೂ ಓದುತ್ತೇನೆ. ‘ಸೋಪು ತರಬೇಕು.’ ‘ಈ ಲೇಖಕ ದಡ್ಡ.’ ಬಾಣ ಹೊಡೆಸಿಕೊಂಡ ಹೃದಯ. ಪರೀಕ್ಷೆಯ ಪ್ರಶ್ನೆಗಳು. ದಿನಕ್ಕೆ ಎರಡು ಪುಸ್ತಕ ಆದರೆ ಹೆಚ್ಚು. ಕಪಾಟಿನ ಮುಂದೆ ರಾಶಿ ಬಿದ್ದಿದೆ. ಬೀಳಲಿ.

ಮೊದಲ ಭಾಗ ಓದಿ ಮುಗಿಸಿದೆ. ಫಾರಂ ಸರಿಮಾಡಿ ಹೊಲಿದೆ. ಕೊನೆಯಲ್ಲಿ ಕಥೆಯ ಹುಡುಗಿ ತಪ್ಪಿಸಿಕೊಳ್ಳುತ್ತಾಳೆ, ಅಣ್ಣ ಗೋಪುರದಲ್ಲೇ ಉಳಿಯುತ್ತಾನೆ. ಅವನನ್ನು ಬಿಡಿಸಲು ಇನ್ನೂ ಆರು ಭಾಗ ಬೇಕಂತೆ. ಇವರಿಗೆ ಹೇಳಿದೆ. “ಅಲ್ಲೀವರೆಗೂ ಆ ಹುಡುಗ ಏನ್ಮಾಡ್ತಾನೆ?” ಅಂದರು.

ಏಪ್ರಿಲ್ 22, ಸೋಮವಾರ, ಬೆಳಗ್ಗೆ 10.15

ಮೇಡಂ ಮೆಟ್ಟಿಲಿಳಿದು ಓಡಿಬಂದರು. ಮೈಭಾರದವರು, ಅವರು ಓಡಿದ್ದು ಇವತ್ತೇ ನೋಡಿದ್ದು. ಕೈಯಲ್ಲಿ ಎರಡನೇ ಭಾಗ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ವಾಪಸಾತಿ ಪೆಟ್ಟಿಗೆಯಲ್ಲಿತ್ತಂತೆ, ಯಾರು ತಂದು ಹಾಕಿದರೋ ಕಂಡಿಲ್ಲ.

“ಶೆಲ್ಫಿಗೆ ಇಡ್ಲಿಲ್ಲ. ನಿಮ್ಮ ಕೈಗೇ ತಂದೆ.”

ತೆರೆದೆ. ಅಂಚುಗಳು ಖಾಲಿ. ಇನ್ನೊಂದು ಪುಟ, ಖಾಲಿ. ಆಮೇಲೆ ಹೊಲಿಗೆಯ ಸಂದಿಯಲ್ಲಿ ರಬ್ಬರಿನ ಪುಡಿ ಕಂಡಿತು. ಕೆಲಸ ಬಲ್ಲವರ ಕೈಯಲ್ಲ. ಕೆಲವು ಕಡೆ ಪೆನ್ಸಿಲ್ ಮಸಿ ಹರಡಿದೆ, ಒಂದು ಕಡೆ ಹಾಳೆ ಸವೆದಿದೆ.

10.40

ತೇವ ತಾಗಿಲ್ಲ, ಪ್ರೆಸ್ಸು ತಾಗಿಲ್ಲ. ಲ್ಯಾಂಪ್ ಬಗ್ಗಿಸಿದ ಕೂಡಲೇ ತಗ್ಗುಗಳು ಎದ್ದು ಕಂಡವು. ಅಕ್ಷರ ಅಕ್ಷರವೂ. ಮೇಡಂಗೂ ಕಂಡಿತು, ಬಾಯಿಗೆ ಸೆರಗು ಹಿಡಿದು ಕೂತರು. ಸಹಾಯವಾಣಿಯ ಹೆಂಗಸಿಗೆ ಫೋನ್ ಮಾಡಿದೆ. ಪೊಲೀಸರನ್ನು ಕರೆದುಕೊಂಡು ಬರುತ್ತಿದ್ದಾರೆ. ಅಷ್ಟರೊಳಗೆ ಇಲ್ಲಿ ನಕಲು ಮಾಡಿಕೊಳ್ಳುತ್ತೇನೆ.

ಮೂರು ಗೀರು, ಚುಕ್ಕೆ. ಎರಡು ದಿನ ಸ್ಟೋರ್ ರೂಮು. ನೀರು ಒಂದೇ ಸಲ.

ಮೂರು ಗೀರು, ಚುಕ್ಕೆ. ಗಣಿತದಲ್ಲಿ ಕಡಿಮೆ ಬಂತು. ನಾಲ್ಕು ದಿನ ಅಂದಿದ್ದಾರೆ. ಬಾಗಿಲ ಸಂದಿ ಬೆಳಕಲ್ಲಿ ಓದುತ್ತೇನೆ.

ಮೂರು ಗೀರು, ಚುಕ್ಕೆ. ಆ ಆಂಟಿ ಬಂದಾಗ ಅಪ್ಪ ಎದುರಿಗೇ ಕೂತಿದ್ದರು. ಹೇಗೆ ಹೇಳಲಿ. ಅವರು ಹೋದ ಮೇಲೆ ಆರು ದಿನ.

ಆರು ದಿನ. ಅದು ನನ್ನ ಫೋನಿನಿಂದ.

11.05

ಕೊನೆಯ ಖಾಲಿ ಹಾಳೆ. ನಿನ್ನೆಯ ತಾರೀಖು. ಇದೊಂದನ್ನು ಮಾತ್ರ ಅಳಿಸಿಲ್ಲ, ಪೆನ್ಸಿಲ್ ಹಾಗೇ ಇದೆ. ದುಂಡಗಿನ ಅಕ್ಷರ:

“ಬೈಂಡಿಂಗ್ ಅಮ್ಮನಿಗೆ. ಪುಸ್ತಕ ಗಲೀಜು ಮಾಡಿದ್ದಕ್ಕೆ ಸಾರಿ. ನಿಮಗೆ ತೊಂದರೆ ಆಗಬಾರದು ಅಂತ ಈ ಸಲ ನಾನೇ ಎಲ್ಲ ಅಳಿಸಿದ್ದೇನೆ.”

ಹೊರಗೆ ಜೀಪು ನಿಂತಿತು. ಮೇಡಂ ಕರೆಯುತ್ತಿದ್ದಾರೆ. ಪುಸ್ತಕ ಯಾರ ಕೈಗೂ ಕೊಡುವುದಿಲ್ಲ, ನಾನೇ ಎದೆಗೊತ್ತಿ ಹಿಡಿದುಕೊಂಡು ಹೋಗುತ್ತೇನೆ. ಆ ಬಾಗಿಲು ತೆಗೆಸಿದ ಮೇಲೆ ಮೊದಲು ಅವಳಿಗೆ ಹೇಳಬೇಕು. ಓದಿ ಅಳಿಸಿದ್ದಲ್ಲ ಮಗಳೇ, ನಾನು ಓದದೆಯೇ—