ಭಾನುವಾರ ಮೃದಂಗಕ್ಕೆ ಯಾರು?

ಟಾಲಾ, ಡಬ್ಲಿನ್
೨೦ ಮೇ ೨೦೨೦

ನಮ್ಮ ಮನೆಯವರಿಗೆ ವನಜಾಳ ನಮಸ್ಕಾರಗಳು.

ಬಿ.ಪಿ. ಹೇಗಿದೆ? ಮಾತ್ರೆ ನುಂಗುತ್ತಿದ್ದೀರೋ, ಇಲ್ಲ ಶಿಷ್ಯರಿಗೆ ಬೈದೇ ಇಳಿಸಿಕೊಳ್ಳುತ್ತಿದ್ದೀರೋ? ಮೈಸೂರಿನಲ್ಲಿ ನೀವೊಬ್ಬರೇ ಸಾರು ಕುದಿಸಿಕೊಂಡು ಉಣ್ಣುವುದನ್ನು ನೆನೆದರೆ ಸಂಕಟವಾಗುತ್ತದೆ. ಉಪ್ಪು ಎರಡೆರಡು ಸಲ ಹಾಕುತ್ತಿರುತ್ತೀರಿ, ಗೊತ್ತು. ನನ್ನ ವಿಮಾನ ಯಾವಾಗ ಹಾರುವುದೋ ತಿಳಿಯದು. ಲಾಕ್‌ಡೌನಿನಿಂದಾಗಿ ಇಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ. ನಿಮ್ಮ ಮಗ ಸುಹಾಸ್ ಅಡುಗೆಮನೆಯಲ್ಲೇ ಆಫೀಸು ಹೂಡಿದ್ದಾನೆ, ಕುಕ್ಕರ್ ಕೂಗಿದರೆ ಮೀಟಿಂಗಿನವರೆಲ್ಲ ಬೆಚ್ಚುತ್ತಾರೆ. ಫೋನಿನಲ್ಲಿ ನೀವು ನನಗೆ ಮಾತು ಮುಗಿಸಲು ಬಿಡುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅವನು ಇದರ ಫೋಟೋ ತೆಗೆದು ಕಳಿಸುತ್ತಾನೆ.

ವಿಷಯ ಮೊಮ್ಮಗನದು. ನೀವು ದಿನವೂ ಕಂಪ್ಯೂಟರಿನಲ್ಲಿ ಗಗನ್‌ಗೆ ಮೃದಂಗ ಹೇಳಿಕೊಡುತ್ತೀರಿ. ಕೈಗೂ ನಾದಕ್ಕೂ ಹೊಂದುತ್ತಿಲ್ಲವೆಂದು ಐರ್ಲೆಂಡಿನ ನೆಟ್‌ವರ್ಕಿಗೆ ಶಾಪ ಹಾಕುತ್ತಲೇ “ಏನು ಕೈಯಪ್ಪಾ ಇದು! ನನ್ನ ಸರ್ವೀಸಲ್ಲೇ ನೋಡಿಲ್ಲ” ಎನ್ನುತ್ತೀರಿ. ಈ ಭಾನುವಾರ ಅವನನ್ನು ಆನ್‌ಲೈನ್ ಕಛೇರಿಗೆ ಕೂರಿಸಿ, ಸಂಗೀತಸಭೆಯ ರಾಮಲಿಂಗಪ್ಪನವರಿಗೆಲ್ಲ ತೋರಿಸಲು ಹೊರಟಿದ್ದೀರಿ. ದಯವಿಟ್ಟು ಬೇಡ ರೀ. ಹುಡುಗನಿಗೆ ಚೂರೂ ಮನಸ್ಸಿಲ್ಲ. ಕೇಳಿದರೆ “ಐಯಾಮ್ ಗ್ರ್ಯಾಂಡ್, ಅಜ್ಜಿ” ಎಂದು, ಅಂದರೆ ಇಲ್ಲಿಯವರ ಮಾತಿನಲ್ಲಿ ‘ನನಗೇನೂ ಬೇಡ’ ಎಂದು, ಫುಟ್‌ಬಾಲ್ ಹಿಡಿದು ಹಿತ್ತಲಿಗೆ ಓಡುತ್ತಾನೆ.

ಅಂಥ ಕೈ ಬೇಕಾದರೆ ನನ್ನ ತವರಿನ ಕಡೆಗೂ ಒಮ್ಮೆ ನೋಡಿ. ನನ್ನ ಮುತ್ತಜ್ಜಿ ಅಚ್ಚಮ್ಮ ಮೃದಂಗ ನುಡಿಸಿದ್ದು ಸಾವಿರದ ಎಂಟುನೂರ ತೊಂಬತ್ತರ ಸುಮಾರಿನಲ್ಲಿ, ಹೆಂಗಸು ಚರ್ಮವಾದ್ಯ ಮುಟ್ಟಿದರೆ ಮನೆ ಮೈಲಿಗೆಯಾಗುತ್ತಿದ್ದ ಕಾಲದಲ್ಲಿ. ಅಣ್ಣನ ಪಾಠ ಕದ್ದು ಕೇಳಿ, ಕೊಳಗ ಬೋರಲು ಹಾಕಿ ಸಾಧನೆ ಮಾಡಿದಳು. ಒಂದು ಮದುವೆಮನೆಯ ಕಛೇರಿಗೆ ಮೃದಂಗದವರು ಜ್ವರವೆಂದು ಕೈಕೊಟ್ಟರು. ಸೆರಗು ಬಿಗಿದು ಇವಳೇ ಕೂತುಬಿಟ್ಟಳು. ಹಿರಿಯರೆಲ್ಲ ಛೀ ಥೂ ಎಂದು ಎದ್ದುಹೋದರು. ಹೋದವರು ಅಂಗಳದಲ್ಲೇ ನಿಂತು ತಾಳ ಹಾಕುತ್ತಿದ್ದರಂತೆ. ಊರವರು ಬಹಿಷ್ಕಾರ ಹಾಕಿದರು. ಕೊನೆಗೆ ಅವರ ಮಕ್ಕಳ ಮದುವೆಗಳಿಗೂ ಅವಳೇ ನುಡಿಸಿದಳು. ಮದುವೆಯಾದ ಹೊಸತರಲ್ಲಿ ಇದನ್ನು ಹೇಳಿದರೆ ನೀವು, “ಹೆಂಗಸರ ಬೆರಳಿಗೆಲ್ಲ ಅದು ಆಗಲ್ಲ ಕಣೇ, ಕಾಫಿ ತಾ” ಎಂದಿರಿ. ಕಾಫಿ ತಂದೆ. ಆದರೆ ಬಹಳ ನೊಂದಿದ್ದೆ, ಇವತ್ತಿಗೂ ನೋವಿದೆ.

ಮಾಸ್ಕ್ ಮೂಗಿನ ಮೇಲಿರಲಿ, ಗಲ್ಲದ ಮೇಲಲ್ಲ. ಪಕ್ಕದ ಮನೆಯ ಶಾಂತಾಗೆ ನನ್ನ ನೆನಪು ತಿಳಿಸಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇತಿ ನಿಮ್ಮ
ವನಜಾ

ತಾ.ಕ.: ಸುಹಾಸ್ ಫೋಟೋ ತೆಗೆಯಲು ಕಾಯುತ್ತಿದ್ದಾನೆ, ಹೇಳಿಬಿಡುತ್ತೇನೆ. ಆ ಕೈ ಗಗನ್‌ನದಲ್ಲ, ನನ್ನದು. ಅವನು ಕ್ಯಾಮೆರಾದ ಮುಂದೆ ತೋಳಷ್ಟೇ ಕಾಣುವಂತೆ ಕೂತು ದಿಂಬು ಬಡಿಯುತ್ತಾನೆ, ನಾನು ಕಂಪ್ಯೂಟರಿನ ಹಿಂದೆ ಕೂತು ನುಡಿಸುತ್ತೇನೆ. ನಿಮ್ಮ ಬೈಗುಳಕ್ಕೆ ಮಗು ಅತ್ತಿತೆಂದು ಶುರುವಾದದ್ದು. ಆಮೇಲೆ ಹೊಗಳಿಕೆಯ ರುಚಿ ಹತ್ತಿಬಿಟ್ಟಿತು. ನೀವು ಕಛೇರಿಗೆಂದು ಊರೂರು ಸುತ್ತುವಾಗ ಮನೆಯಲ್ಲಿದ್ದ ಹಳೆಯ ಮೃದಂಗ ಸುಮ್ಮನೆ ಕೂತಿರಲಿಲ್ಲ ರೀ. ಭಾನುವಾರ ಕ್ಯಾಮೆರಾದ ಮುಂದೆ ನಾನೇ ಕೂರುತ್ತೇನೆ. ರಾಮಲಿಂಗಪ್ಪನವರಿಗೆ ಆಗಲೇ ಹೇಳಿಯಾಗಿದೆ. ತಾಳ ಹಾಕುವ ಕೆಲಸ ನಿಮ್ಮದು. ತಪ್ಪಿದರೆ ಎಲ್ಲರೆದುರು ಬೈಯುವುದಿಲ್ಲ.