ಕಾಪುವಿನಲ್ಲಿ ಕಡಲು ಜೋರುಂಟು

ಪ್ರೀತಿಯ ಸಂಜೀವ ಭಾವನಿಗೆ,

ಮೊದಲು ಹವಾಮಾನ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಮುಂದೆ ಓದುವವರಲ್ಲ. ಇವತ್ತು ಸೋಮವಾರ. ಅಲಿಬಾಗ್ ಹತ್ತಿರದ ನಾಗಾವ್ ಕಡಲತೀರದಲ್ಲಿ ನಾಳೆಯೂ ಅಲೆ ಮೊಣಕಾಲಿನ ಮೇಲಕ್ಕೆ ಬರುತ್ತದೆ, ಬುಧವಾರ ಇಳಿಯುತ್ತದೆ, ಗುರುವಾರದ ಹೊತ್ತಿಗೆ ಸಮುದ್ರ ತಟ್ಟೆಯಲ್ಲಿಟ್ಟ ನೀರಿನ ಹಾಗೆ ಸುಮ್ಮನಾಗುತ್ತದೆ. ಬೆಳಗಿನ ಗಾಳಿ ನೆಲದ ಕಡೆಯಿಂದ, ಮೆಲ್ಲಗೆ. ಮಧ್ಯಾಹ್ನದ ನಂತರ ವಾಯವ್ಯದಿಂದ ಜೋರಾಗಿ ಬೀಸಿ ನೀರನ್ನೆಲ್ಲ ಕದಡುತ್ತದೆ, ಆಗ ಇಳಿಯಬಾರದು. ಇಷ್ಟೆಲ್ಲ ಇವನಿಗೆ ಹೇಗೆ ಗೊತ್ತು ಎನ್ನುತ್ತೀರಾ? ಬಿಜಾಪುರದ ಒಣನೆಲದವನು, ನಿಮ್ಮ ಹೆಂಡತಿಯ ತಮ್ಮ, ಅಲೆಯ ವಿಷಯ ಮಾತಾಡುವ ಕಾಲ ಬಂತು ನೋಡಿ. ಉತ್ತರ ಬಾರದ ಪತ್ರ ಬರೆದು ನನಗೆ ಅಭ್ಯಾಸವಿದೆ. ರಸ್ತೆ, ಗಟಾರ, ರೈಲು ಅಂತ ಮೂವತ್ತು ವರ್ಷದಿಂದ ಪತ್ರಿಕೆಯ ಸಂಪಾದಕರಿಗೆ ಬರೆಯುತ್ತಲೇ ಇಲ್ಲವೇ? ಹಾಗಾಗಿ ನಿಮಗೂ ಒಂದು.

ನಿಮ್ಮ ಛತ್ರಿ ನೆನಪಾಗುತ್ತದೆ. ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ, ಚಪ್ಪಲಿ ಸುಡುವ ಬಿಸಿಲಿನಲ್ಲಿ, ಕಂಕುಳಲ್ಲಿ ಉದ್ದನೆಯ ಛತ್ರಿ ಸಿಕ್ಕಿಸಿಕೊಂಡು ನೀವೊಬ್ಬರೇ ನಡೆದು ಬರುತ್ತಿದ್ದಿರಿ. ಹಿಂದಿನವರಿಗೆ ಅದರ ತುದಿ ತಿವಿಯುತ್ತಿತ್ತು, ಅವರು ಬಯ್ಯುತ್ತಿದ್ದರು, ನೀವು ನಗುತ್ತಿದ್ದಿರಿ. ಮಗಳು ಮೊಬೈಲ್ ಕೊಡಿಸಿದಾಗ ಹವಾಮಾನ ನೋಡುವುದನ್ನು ಕಲಿತಿರಿ, ಸರಿ. ಯಾವ ಊರು ಎಂದು ಅದು ಕೇಳಿದರೆ ಕರಾವಳಿಯ ನಿಮ್ಮ ಹುಟ್ಟೂರು ‘ಕಾಪು’ ಎಂದು ಬರೆಯುವುದೇ? ಕಾಪುವಿನಲ್ಲಿ ಮಳೆ ಇದ್ದರೆ ಡೊಂಬಿವಲಿಯಲ್ಲಿ ನಿಮ್ಮ ಕೈಗೆ ಛತ್ರಿ. ಕಾಪುವಿನಲ್ಲಿ ಬಿಸಿಲಿದ್ದರೆ, ಇಲ್ಲಿ ಹಳಿಗಳು ಮುಳುಗಿ ಲೋಕಲ್ ನಿಂತ ದಿನವೂ ಬರಿಗೈಯಲ್ಲಿ ಹೊರಟು, ವಾಗ್ಳೆ ಎಸ್ಟೇಟಿನ ಕ್ಯಾಂಟೀನ್ ಕೆಲಸದಿಂದ ತೊಪ್ಪೆಯಾಗಿ ಮರಳುತ್ತಿದ್ದಿರಿ.

“ಭಾವ, ಆ ಫೋನಿನಲ್ಲಿ ಡೊಂಬಿವಲಿ ಅಂತ ಹಾಕಿ” ಎಂದು ಎಷ್ಟು ಸಲ ಹೇಳಿದ್ದೆ!

“ಡೊಂಬಿವಲಿಯದ್ದು ಕಿಟಕಿಯಲ್ಲಿ ಕಾಣ್ತದಲ್ಲಾ ಮಾರಾಯ. ಅದಕ್ಕೆ ಫೋನ್ ಎಂತಕ್ಕೆ?”

ಕಿಟಕಿಯಲ್ಲಿ ಕಂಡದ್ದನ್ನು ನೀವು ನಂಬಿದ್ದಾದರೂ ಯಾವಾಗ?

ಮೊಬೈಲಿಗೆ ಮುಂಚಿನ ಭಾನುವಾರಗಳೂ ನೆನಪಿವೆ. ನೆಹರೂ ಮೈದಾನದ ಹತ್ತಿರದ ಎಸ್‌ಟಿಡಿ ಬೂತಿನಲ್ಲಿ ನಿಂತು ಕಾಪುವಿನಲ್ಲಿರುವ ನಿಮ್ಮ ದೊಡ್ಡಕ್ಕನಿಗೆ ಫೋನ್ ಮಾಡುತ್ತಿದ್ದಿರಿ. ಆರೋಗ್ಯ, ಮಕ್ಕಳು, ಎಲ್ಲ ಆಮೇಲೆ. ಮೊದಲ ಪ್ರಶ್ನೆ ತುಳುವಿನಲ್ಲಿ ಇದೊಂದೇ: “ಕಡಲ್ ಎಂಚ ಉಂಡು?” ಕಡಲು ಹೇಗಿದೆ? ಆ ಕಡೆಯಿಂದ “ಜೋರುಂಡು” ಎಂದು ಬಂದರೆ ಮುಗಿಯಿತು. ಅವತ್ತು ನಾವೆಲ್ಲ ಅಲಿಬಾಗಿಗೆ ಹೋಗುವುದೆಂದು ನಿಶ್ಚಯವಾಗಿರುತ್ತಿತ್ತು, ನನ್ನ ಅಕ್ಕ ಶೇಂಗಾ ಚಟ್ನಿ ಕುಟ್ಟಿ, ಖಡಕ್ ರೊಟ್ಟಿ ಕಟ್ಟಿ ಇಟ್ಟಿರುತ್ತಿದ್ದಳು. ನೀವು ಮನೆಗೆ ಬಂದು ಚಪ್ಪಲಿ ಬಿಡುತ್ತಾ, “ಕಾಪುವಿನಲ್ಲಿ ಕಡಲು ಜೋರುಂಟು. ಈ ಸಲ ಬೇಡ” ಎನ್ನುತ್ತಿದ್ದಿರಿ. ಅಕ್ಕ ಗಂಟು ಬಿಚ್ಚಿ ರೊಟ್ಟಿಯನ್ನು ತಟ್ಟೆಗೆ ಹಾಕುತ್ತಿದ್ದಳು. ಸಮುದ್ರಕ್ಕೆಂದು ಕಟ್ಟಿದ ರೊಟ್ಟಿಯನ್ನು ನಿಮ್ಮ ಮನೆಯ ಗ್ಯಾಲರಿಯಲ್ಲಿ ಕುಳಿತು ನಾನು ಎಷ್ಟು ತಿಂದಿಲ್ಲ!

ಒಮ್ಮೆ ಸಿಟ್ಟು ಬಂದು ಭೂಪಟವನ್ನೇ ತಂದು ನಿಮ್ಮ ಮುಂದೆ ಹರವಿದ್ದೆ. ಇದು ಕಾಪು, ಇದು ಅಲಿಬಾಗ್, ನಡುವೆ ಪೂರಾ ಗೋವಾ, ಪೂರಾ ಕೊಂಕಣ. ಅಲ್ಲಿಯ ಅಲೆಗೂ ಇಲ್ಲಿಯ ಅಲೆಗೂ ಏನು ಸಂಬಂಧ? ನೀವು ಕನ್ನಡಕ ಏರಿಸಿ, ನೀಲಿ ಬಣ್ಣದ ಮೇಲೆ ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಒಂದೇ ಸಮನೆ ಎಳೆದಿರಿ. “ಗುರು, ನಡುವೆ ಗೋಡೆ ಉಂಟಾ? ಎಲ್ಲಾ ಒಂದೇ ನೀರು. ಅಲ್ಲಿ ಜೋರಿದ್ರೆ ಇಲ್ಲಿ ಸುಮ್ಮನಿರ್ತದಾ?” ಎಂದಿರಿ. ಇಷ್ಟು ಓದಿಕೊಂಡಿದ್ದೂ ನಾನು ಭೂಪಟ ಮಡಚಿದೆ. “ಸಂಪಾದಕರಿಗೆ ಬರಿ, ಹೋಗು” ಎಂದು ಬೇರೆ ಚುಚ್ಚಿದಿರಿ.

ನಿಮ್ಮ ಮದುವೆಯ ಹೊಸತರಲ್ಲಿ ಮುಂಬೈಯ ಚೌಪಾಟಿ ಕಡಲತೀರಕ್ಕೆ ಹೋದ ಸಂಜೆಯನ್ನು ಮರೆತಿರಾ? ನಾನಿನ್ನೂ ಹುಡುಗ, ಅಕ್ಕನ ಮನೆಗೆ ರಜೆಗೆ ಬಂದಿದ್ದೆ. ಅಕ್ಕ ಮರಳಿನ ಮೇಲೆ ಕಾಲು ಮಡಚಿ ಕುಳಿತು ನೋಡಿದ್ದೇ ನೋಡಿದ್ದು. “ಇಷ್ಟು ನೀರು ಒಂದ ಕಡೆ! ನಮ್ಮೂರಾಗ ಒಂದ ಕೊಡಕ್ಕ ಜಗಳಾಡ್ತಾರ. ಒಮ್ಮೆ ಇದರಾಗ ಸೊಂಟದ ತನಕಾ ನಿಂದರಬೇಕು ನೋಡ್ರಿ” ಎಂದಳು. ನೀವು ಎದೆಯುಬ್ಬಿಸಿ, “ಇದೂ ಒಂದು ಕಡಲಾ? ನಮ್ಮಲ್ಲಿಯದ್ದು ನೋಡು. ಕೈ ಹಿಡಿದು ನಾನೇ ಇಳಿಸ್ತೇನೆ” ಎಂದು ಮಾತು ಕೊಟ್ಟಿರಿ. ಆಮೇಲೆ ಕಾಪುವಿಗೆ ಹೋದಾಗಲೆಲ್ಲ ಮೇ ತಿಂಗಳ ಕೊನೆ, ಕಡಲು ಏರಿರುತ್ತಿತ್ತು, ದೊಡ್ಡಕ್ಕ ಬೇಡವೆನ್ನುತ್ತಿದ್ದರು. ಇಲ್ಲಿ ಹೋಗೋಣವೆಂದರೆ ಫೋನಿನಲ್ಲಿ ‘ಜೋರುಂಡು’. ನಲವತ್ತು ವರ್ಷ ಸಮುದ್ರದ ಪಕ್ಕದಲ್ಲಿ ಬಾಳಿದ ನನ್ನ ಅಕ್ಕ ಪಾದ ಮುಳುಗುವುದಕ್ಕಿಂತ ಹೆಚ್ಚು ಇಳಿಯಲಿಲ್ಲ. ಇದು ಅನ್ಯಾಯವಲ್ಲವೇ ಭಾವ? ನೀವಿದ್ದಾಗಲೂ ಕೇಳಿದ್ದೆ, ಈಗಲೂ ಕೇಳುತ್ತೇನೆ.

ನೀವು ಹೋದ ಮೇಲೆ ಇದು ಮೊದಲ ಬೇಸಿಗೆ. ಅಕ್ಕನ ಮೊಣಕಾಲು ಹಟ ಹಿಡಿದಿದೆ, ಮಳೆಗಾಲಕ್ಕೆ ಮುಂಚೆ ಆಪರೇಷನ್ ಮಾಡಿಸಬೇಕು. ಆಮೇಲೆ ಅಲೆಗಿಲೆ ಮರೆತುಬಿಡಿ ಎಂದು ಡಾಕ್ಟರು ಹೇಳಿಯಾಗಿದೆ. ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅಕ್ಕ ಮೆಲ್ಲಗೆ, “ಅಂದ್ರ ಈ ತಿಂಗಳಾಗ ಆದ್ರ ಆತು, ಇಲ್ಲಂದ್ರ ಇಲ್ಲ ಅಲ್ಲೇನೋ ಗುರ್ಯಾ?” ಎಂದಳು. ಯಾವುದರ ಮಾತೆಂದು ನಾನು ಕೇಳಬೇಕಾಗಲಿಲ್ಲ.

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ಘಣಸೋಲಿಯಲ್ಲಿರುವ ನಿಮ್ಮ ಮಗಳ ಮಗಳು ನಿಧಿ ಚಳಿಗಾಲದ ರಜೆಯಲ್ಲಿ ದೊಡ್ಡಕ್ಕನ ಮನೆಗೆ ಹೋದವಳು ಅಲ್ಲೇ ಹತ್ತಿರದ ಮೂಲ್ಕಿಯಲ್ಲಿ ಸರ್ಫಿಂಗ್ ಕಲಿತು ಬಂದಿದ್ದಾಳೆ. ಹಲಗೆಯ ಮೇಲೆ ನಿಂತು ಅಲೆ ಏರಿ ಬರುವುದು! ಅವಳ ಫೋನಿನಲ್ಲಿ ಅಲೆಯ ಎತ್ತರ, ಒಂದು ಅಲೆಗೂ ಇನ್ನೊಂದಕ್ಕೂ ನಡುವಿನ ಅಂತರ, ಗಾಳಿ, ಭರತ, ಇಳಿತ, ಎಲ್ಲ ಬರುತ್ತದೆ. ಅಜ್ಜಿಯನ್ನು ತಾನೇ ಇಳಿಸುತ್ತೇನೆಂದು ಹೊರಟು ನಿಂತಳು. ಶನಿವಾರ ನಾಗಾವ್ ಎಂದು ಗೊತ್ತುಮಾಡಿದೆವು. ಅಕ್ಕ ರೊಟ್ಟಿ ಬಡಿದಳು.

ಶುಕ್ರವಾರ ಸಂಜೆ ನಾನು ಕಲ್ಯಾಣದ ನನ್ನ ಮನೆಯಿಂದ ಡೊಂಬಿವಲಿಗೆ ಬರುವಷ್ಟರಲ್ಲಿ ಅಕ್ಕ ನಿಮ್ಮ ಫೋನ್ ಹಿಡಿದು ಕುಳಿತಿದ್ದಳು. ಹೌದು, ನಿಮ್ಮದೇ ಫೋನ್, ಅದರಲ್ಲಿ ಊರು ಇನ್ನೂ ಕಾಪುವೇ. ಅಕ್ಕ ಅದನ್ನು ಬದಲಿಸಲು ಯಾರಿಗೂ ಬಿಡುವುದಿಲ್ಲ.

“ಕಾಪುದಾಗ ಸಮುದ್ರ ಭಾಳ ಜೋರೈತಿ. ಯಾರೂ ನೀರಿಗೆ ಇಳೀಬ್ಯಾಡ್ರಿ ಅಂತ ಬಂದೈತಿ” ಎಂದಳು.

ನನ್ನ ನೆತ್ತಿಗೇರಿತು. “ಅಕ್ಕಾ, ನೀನೂ ಶುರು ಮಾಡಿದಿ? ಭಾವ ಹ್ವಾದ್ರು, ಅವರ ಚಟಾ ಹೋಗ್ಲಿಲ್ಲ. ನಾವು ಹೊಂಟಿದ್ದು ನಾಗಾವ್‌ಗ!”

“ಸುಮ್ನ ಕೂಡ. ಬ್ಯಾಡ ಅಂದ್ನೇನ ನಾ? ನಾಳಿ ಬ್ಯಾಡ, ನಾಡಿದ್ದ ಹೋಗೂನು ಅಂತೀನಿ. ಇವತ್ತ ಕಾಪುದಾಗ ಇದ್ದದ್ದು ಇಲ್ಲಿಗೆ ಬರ್ಲಾಕ ಒಂದ ದಿನಾ ಬೇಕಲ್ಲ? ನೀರು ಒಂದ, ಆದ್ರ ದಾರಿ ಐತಿ. ಅದು ಬರ್ಲಿ, ಆಮ್ಯಾಲೆ ಇಳೀತೀನಿ.”

ನಾನು ಭೂಪಟದ ಮಾತೆತ್ತಬೇಕೆಂದಿದ್ದೆ. ಅಷ್ಟರಲ್ಲಿ ಫೋನಿನಿಂದ ತಲೆಯೆತ್ತಿದ ನಿಧಿ, “ಮಾಮಾ, ಅಜ್ಜಿ ಸಹೀ ಬೋಲ್ ರಹೀ ಹೈ!” ಎಂದು ಕೂಗಿದಳು, ಅಜ್ಜಿಯ ಮಾತೇ ಸರಿಯಂತೆ. ಶನಿವಾರ ಬೆಳಿಗ್ಗೆ ನಾಗಾವ್‌ನಲ್ಲಿ ಅಲೆಯೇ ಇಲ್ಲವಂತೆ, ಏಕ್‌ದಮ್ ಫ್ಲ್ಯಾಟ್, ಹಲಗೆ ಒಯ್ದೂ ಪ್ರಯೋಜನವಿಲ್ಲ. ಎಲ್ಲೋ ದಕ್ಷಿಣದ ಮಹಾಸಾಗರದಲ್ಲಿ ಬಿರುಗಾಳಿಗೆ ಹುಟ್ಟಿದ ಅಲೆಗಳು ಕೇರಳ ದಾಟಿ, ನಿಮ್ಮ ಕಾಪು ದಾಟಿ, ಮೇಲಕ್ಕೆ ಬರುತ್ತಿವೆಯಂತೆ. ದಾರಿಯುದ್ದಕ್ಕೂ ಸೊಕ್ಕು ಇಳಿಸಿಕೊಂಡು, ಶನಿವಾರ ಸಂಜೆಗೆ ಇಲ್ಲಿಗೆ ಮುಟ್ಟಿ, ಭಾನುವಾರ ಬೆಳಿಗ್ಗೆ ಮೊಣಕಾಲೆತ್ತರ, ಹೆಚ್ಚೆಂದರೆ ಸೊಂಟದೆತ್ತರ. ಭಾವ, ನಡುವೆ ಗೋಡೆ ಇರಲಿಲ್ಲ. ಎಲ್ಲಾ ಒಂದೇ ನೀರು. ನಿಮ್ಮ ಲೆಕ್ಕ ಸರಿಯಾಗಿತ್ತು, ಆದರೆ ಅದನ್ನು ಇಟ್ಟುಕೊಂಡು ನೀವು ಮಾಡುತ್ತಿದ್ದುದು ಮಾತ್ರ…

ಭಾನುವಾರ ನಸುಕಿನಲ್ಲಿ ಕಾರು ಹೊರಟಿತು. ನಿಧಿಯದೇ ಡ್ರೈವಿಂಗ್, ಮೇಲೆ ಹಲಗೆ ಕಟ್ಟಿತ್ತು. ಶಿಳ್ ರಸ್ತೆಯ ಹೊಂಡಗಳನ್ನು ನಾನು ಬಯ್ದೆ, ಕಳಂಬೋಲಿಯಲ್ಲಿ ಅಡ್ಡ ನಿಂತ ಕಬ್ಬಿಣದ ಲಾರಿಗಳನ್ನು ಬಯ್ದೆ, ಬಯ್ಯಲು ಏನೂ ಉಳಿಯದಿದ್ದಾಗ ನಿಮ್ಮನ್ನು ಬಯ್ದೆ. ಇಷ್ಟು ವರ್ಷ ಅಕ್ಕನನ್ನು ಕಾಯಿಸಿದಿರಲ್ಲ ಎಂದು. ಹಿಂದಿನ ಸೀಟಿನಿಂದ ಅಕ್ಕ ಕಿಸಕ್ಕನೆ ನಕ್ಕಳು.

“ಹುಚ್ಚಪ್ಪಾ, ನಿಮ್ಮ ಭಾವಗ ಈಜ ಬರ್ತಿದ್ದಿಲ್ಲೋ.”

ನಾನು ಪೂರ್ತಿ ತಿರುಗಿ ಕುಳಿತೆ. ಕಡಲಿನ ಮಡಿಲಲ್ಲಿ ಹುಟ್ಟಿದೆ ಎಂದು ಕಟ್ಟಡದ ತುಂಬ ಹೇಳಿಕೊಂಡು ತಿರುಗಿದ ಮನುಷ್ಯನಿಗೆ?

“ಹತ್ತ ವರ್ಷದ ಹುಡುಗ ಮುಂಬೈ ಹೋಟೆಲ್ ಕೆಲಸಕ್ಕ ಬಂದ್ರ ಎಲ್ಲಿ ಈಜ ಕಲೀಬೇಕು, ಚಹಾದ ಕಪ್ಪು ಬಸಿಯಾಗ? ಮದುವಿ ಆದ ವರ್ಷನ ಅವರ ದೊಡ್ಡಕ್ಕ ನನಗ ಹೇಳಿ ನಕ್ಕಿದ್ರು. ನಿಮ್ಮ ಭಾವಗ ಗೊತ್ತಿದ್ದಿಲ್ಲ ನನಗ ಗೊತ್ತೈತಂತ. ವರ್ಷಾ ನಾ ಕೇಳೂದು, ವರ್ಷಾ ಅವರು ತಪ್ಪಿಸ್ಕೊಳ್ಳೂದು.”

“ಮತ್ತ ನಿನಗ ಹೋಗಬೇಕಂತ ಇದ್ದಿದ್ದಿಲ್ಲೇನು?”

“ಇತ್ತೋ. ಭಾಳ ಇತ್ತು. ಆದ್ರ ಫೋನ್ ಮಾಡಿ ಬಂದು ‘ಜೋರುಂಟು’ ಅನ್ನೂವಾಗ ಅವರ ಮಾರಿ ಮ್ಯಾಲೆ ಒಂದ ಸಮಾಧಾನ ಬರ್ತಿತ್ತ ನೋಡು, ಅದನ್ನ ನೋಡಿದ್ರ…” ಎಂದು ನಿಲ್ಲಿಸಿ, ಕಿಟಕಿಯ ಕಡೆ ತಿರುಗಿದಳು. ಪೇಣ್ ಬರುವವರೆಗೆ ನಾನು ಯಾರನ್ನೂ ಬಯ್ಯಲಿಲ್ಲ.

ನಾಗಾವ್‌ನ ತೆಂಗು, ಗಾಳಿ ಮರಗಳು ಮುಗಿಯುತ್ತಿದ್ದಂತೆ ಕಂಡಿತು ಭಾವ, ಅಡ್ಡಡ್ಡಲಾಗಿ ಉದ್ದನೆಯ ಬಿಳಿ ಗೆರೆಗಳು, ಒಂದರ ಹಿಂದೊಂದು, ಅವಸರವಿಲ್ಲದೆ ಬರುತ್ತಿದ್ದವು. ನೀರು ಏರುವ ಹೊತ್ತು, ಗಾಳಿ ಇನ್ನೂ ಎದ್ದಿರಲಿಲ್ಲ. ಕಾವಲಿನವನು ಸೀಟಿ ಹಿಡಿದು ಬಂದು ಸೊಂಟದಾಚೆ ಹೋಗಬೇಡಿ ಎಂದ. ಯಾರೋ ಪುಣ್ಯಾತ್ಮರು ಮರಳಿನ ಮೇಲೆಯೇ ಜೀಪು ಓಡಿಸುತ್ತಿದ್ದರು. ನಾನು ಮರಾಠಿಯಲ್ಲಿ ಬಾಯಿ ಮಾಡಿದೆ, ಅವರು ಕೇಳಲಿಲ್ಲ, ಅರ್ಧ ಗಂಟೆಯಲ್ಲಿ ಏರುವ ನೀರಿಗೆ ಅವರ ಚಕ್ರ ಹೂತಿತು. ಎಂಥ ಸುಖ! ಆದರೂ ಅದರ ಬಗ್ಗೆ ಒಂದು ಪತ್ರ ಬರೆದಿದ್ದೇನೆ.

ಅರವತ್ತೆಂಟರಲ್ಲಿ ಮೊದಲ ಸಲ ಚೂಡಿದಾರ ತೊಟ್ಟ ಅಕ್ಕ ನಿಧಿಯ ಕೈ ಹಿಡಿದು ಇಳಿದಳು. ಪಾದ. ಮೊಣಕಾಲು. ಸೊಂಟ. ಅಲ್ಲಿ ನಿಂತು ಬಗ್ಗಿ ಎರಡೂ ಕೈಯಿಂದ ನೀರನ್ನು ತಟ್ಟಿದಳು, ಹಿಟ್ಟು ತಟ್ಟುವ ಹಾಗೆ. ನನ್ನ ಕಣ್ಣು ತುಂಬಿತು, ಆಯಿತು ಎಂದುಕೊಂಡೆ. ಎಲ್ಲಿ ಆಯಿತು? “ಅಜ್ಜಿ, ಝೋಪಾಯಚಂ ಫಕ್ತ. ಬಾಕೀ ಮೈ ಹೂಂ,” ಮಲಗಿದರೆ ಸಾಕು, ಉಳಿದದ್ದಕ್ಕೆ ತಾನಿದ್ದೇನೆ ಎಂದು ನಿಧಿ ಅವಳನ್ನು ಹಲಗೆಯ ಮೇಲೆ ಬೋರಲು ಮಲಗಿಸಿಬಿಟ್ಟಳು! ಹಿಂದೆ ಒಂದು ಅಲೆ ಎದ್ದಿತು. ನಿಧಿ ಹಲಗೆಯನ್ನು ಮುಂದಕ್ಕೆ ನೂಕಿದಳು. ನೊರೆ ಬುಸ್ಸೆಂದಿತು, ಮತ್ತೆ ನಿಮ್ಮ ಹೆಂಡತಿ, ಬಿಜಾಪುರದ ನೀಲವ್ವ, ಕೂದಲು ಬಿಚ್ಚಿ ಹಾರುತ್ತ, ನೇರ ನನ್ನ ಕಡೆಗೇ ಬರುತ್ತಿದ್ದಳು.

“ಗುರ್ಯಾ, ಬಾಜೂ ಸರಿಯೋ!”

ನಾನು ಸರಿಯುವಷ್ಟರಲ್ಲಿ ಹಲಗೆ ನನ್ನ ಕಾಲಿಗೆ ಬಡಿದು, ಇಬ್ಬರೂ ಮರಳಿನ ಮೇಲೆ ಬಿದ್ದೆವು. ಅಕ್ಕ ಬಾಯಿಯ ನೀರು ಉಗಿದು, “ಉಪ್ಪ ಭಾಳ ಆಗೈತಿ” ಎಂದಳು, ಪಲ್ಯ ರುಚಿ ನೋಡಿದವರ ಹಾಗೆ. ಆಮೇಲೆ ನಗು ತಡೆಯಲಾಗಲಿಲ್ಲ, ಅವಳಿಗೂ, ನನಗೂ, ಸೀಟಿಯವನಿಗೂ.

“ಇದು ಕಾಪುದಿಂದ ಬಂದದ್ದಲ್ಲೇನ?” ಎಂದು ನಿಧಿಯನ್ನು ಕೇಳಿದಳು.

“ಹಾಂ ಅಜ್ಜಿ. ರಾಸ್ತೇ ಮೇ ಕಾಪು ಥಾ,” ದಾರಿಯಲ್ಲಿ ಕಾಪು ಸಿಕ್ಕಿತ್ತು ಎಂದಳು.

ಅಕ್ಕ ಕೂದಲಿನ ಮರಳು ಕೊಡವಿಕೊಂಡಳು. “ಕೈ ಹಿಡಿದು ಇಳಿಸ್ತೀನಿ ಅಂದಿದ್ರು. ಇಳಿಸಿದ್ರು ತಗೋ” ಎಂದವಳೇ ಹಲಗೆಯನ್ನು ಮತ್ತೆ ನೀರಿನ ಕಡೆ ತಿರುಗಿಸಲು ಹೇಳಿದಳು. ಗಾಳಿ ಏಳುವವರೆಗೂ ಅವಳು ಬರಲಿಲ್ಲ. ಮಧ್ಯಾಹ್ನ ಮರದ ನೆರಳಿನಲ್ಲಿ ರೊಟ್ಟಿಯ ಗಂಟು ಬಿಚ್ಚಿದೆವು. ಭಾವ, ಆ ರೊಟ್ಟಿ ಮೊದಲ ಸಲ ಸಮುದ್ರ ನೋಡಿತು.

ಈಗ ನನ್ನ ಮಾತು. ನಮ್ಮ ಕಡೆಯ ಈಜುಕೊಳಕ್ಕೆ ಇವತ್ತು ಬೆಳಿಗ್ಗೆ ಹೆಸರು ಬರೆಸಿ ಬಂದೆ. ಈ ವಯಸ್ಸಿನಲ್ಲಿ ಯಾಕೆ ಎಂದು ಅಲ್ಲಿಯವನು ಕೇಳಿದ. ಇಬ್ಬರ ಪರವಾಗಿ ಕಲಿಯಬೇಕಾಗಿದೆ ಎಂದೆ. ಅಕ್ಕನ ಕಾಲು ರಿಪೇರಿಯಾಗಿ, ಮಳೆ ಮುಗಿದು, ಕಡಲು ತಣ್ಣಗಾದ ಮೇಲೆ ನಾವು ಕಾಪುವಿಗೆ ಹೋಗುತ್ತೇವೆ. ಅಕ್ಕ ದಡದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ನಿಮ್ಮ ಕಡಲಿಗೆ ಸೊಂಟದ ತನಕ ನಾನು ಇಳಿಯುತ್ತೇನೆ, ನಿಮ್ಮ ಹೆಸರು ಹೇಳಿ.

ಅಕ್ಕ ಈಗಷ್ಟೇ ತರಕಾರಿಗೆಂದು ಚಪ್ಪಲಿ ಮೆಟ್ಟಿದಳು. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಕಂಕುಳಲ್ಲಿ ನಿಮ್ಮ ಛತ್ರಿ. “ಕಾಪುದಾಗ ಮೋಡ ಹಾಕೈತಿ” ಎಂದು ಬಾಗಿಲಲ್ಲಿ ಕಾಯುತ್ತಿದ್ದಾಳೆ. ಪತ್ರ ನಿಲ್ಲಿಸುತ್ತೇನೆ ಭಾವ, ನಾನೂ ಒಂದು ಛತ್ರಿ ಹುಡುಕಬೇಕು.

ನಿಮ್ಮ
ಗುರು