ಈ ಒಂದು ವಿಷಯದಲ್ಲಿ ಧೂಳು ನಿರಪರಾಧಿ

ನಮ್ಮ ಸೀಮೆಯ ಆರೋಗ್ಯದ ಹೊಣೆ ಹೊತ್ತ ಅಧಿಕಾರಿಗಳೇ,

ಮಾನ್ಯರೇ, ನನ್ನ ಮಗಳು ಕಾವ್ಯಳ ಮೂತ್ರಪಿಂಡ ಬಾತುಕೊಂಡದ್ದು, ಹೃದಯದ ಕವಾಟ ಕೆಟ್ಟದ್ದು ಧೂಳಿನಿಂದಲ್ಲ. ಹೊಸಪೇಟೆಯಲ್ಲಿ ಕೂತು ಇಂಥ ಮಾತು ಬರೆಯುವುದು ವಿಚಿತ್ರವೆಂದು ಗೊತ್ತು. ಸಂಡೂರಿನಿಂದ ಅದಿರಿನ ಲಾರಿಗಳು ಸಾಲುಗಟ್ಟಿದ ಮೇಲೆ ಪತ್ರಿಕೆಗೆ ಬರೆಯುವವರೆಲ್ಲ ಧೂಳನ್ನು ಬೈದೇ ಬರೆಯುತ್ತಾರೆ. ನಾನೂ ಬೈಯುತ್ತೇನೆ. ಚಿತ್ತವಾಡ್ಗಿಯಲ್ಲಿ ನಮ್ಮದೊಂದು ಖಾನಾವಳಿ. ತೊಳೆದಿಟ್ಟ ತಟ್ಟೆಯನ್ನು ಗಿರಾಕಿಯ ಎದುರು ಮತ್ತೊಮ್ಮೆ ತೊಳೆದೇ ರೊಟ್ಟಿ ಬಡಿಸಬೇಕು. ಹಾಗಂತ ಮಾಡದ ತಪ್ಪನ್ನು ಧೂಳಿನ ತಲೆಗೂ ಕಟ್ಟಬಾರದಲ್ಲ. ಅದರ ಪರವಾಗಿ ವಕಾಲತ್ತು ವಹಿಸಲು ಬೇರೆ ಯಾರೂ ಇಲ್ಲದ್ದರಿಂದ ನಾನು ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ಕಾವ್ಯಳಿಗೆ ಜ್ವರ ಬಂತು, ಉಗುಳು ನುಂಗಲಾರದಷ್ಟು ಗಂಟಲು ನೋವು. ಒಂಬತ್ತು ವರ್ಷದ ಹುಡುಗಿ. ಊರಿನ ನಿಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಬಾಯಿ ತೆರೆಸಲಿಲ್ಲ, ಬ್ಯಾಟರಿ ಹಿಡಿಯಲಿಲ್ಲ. "ಧೂಳಿಂದ್ರಿ ಇದು. ಈ ಊರಾಗ ಯಾರ್ ಗಂಟ್ಲ ನೆಟ್ಟಗೈತಿ? ನೀರು ಭಾಳ ಕುಡಿಸ್ರಿ" ಎಂದು ಕೆಮ್ಮಿನ ಔಷಧ ಬರೆದುಕೊಟ್ಟರು. ನಮ್ಮ ಹಿಂದೆ ಮುಂದೆ ಬೆಂಚಿನ ಮೇಲೆ ಕೂತವರಿಗೂ ಧೂಳೇ ಆಗಿತ್ತು. ಊರಿಗೆಲ್ಲ ಒಂದೇ ಕಾಯಿಲೆ ಎಂದು ತೀರ್ಮಾನವಾಗಿಬಿಟ್ಟರೆ ಡಾಕ್ಟರಿಕೆ ಎಷ್ಟು ಸುಲಭ ನೋಡಿ. ಗಂಟಲು ತಾನಾಗಿಯೇ ವಾಸಿಯಾಯಿತು. ನಾವು ಔಷಧದಿಂದಲೇ ಎಂದುಕೊಂಡೆವು.

ಸುಮಾರು ಎರಡು ವಾರ ಕಳೆದಿರಬೇಕು, ಅವಳ ಮೊಣಕಾಲು ಬಾತಿತು. ಅದು ಇಳಿಯುವಷ್ಟರಲ್ಲಿ ಮುಂಗೈ. ಅತ್ತೆ ಮರುಳಸಿದ್ದಮ್ಮ ಎಳ್ಳೆಣ್ಣೆ ಹಚ್ಚಿ, "ಬೆಳಿಯೋ ಹುಡುಗಿ, ಎಲುಬು ನೋಯ್ತಾವ" ಎಂದರು. ಆಮೇಲೆ ಮುಖ ದುಂಡಗಾಯಿತು. ಪಕ್ಕದ ಮನೆಯ ಹುಸೇನಮ್ಮ, "ಈಗ ಮೈ ಕೈ ತುಂಬ್ಕೊಂಡು ಚೆಂದ ಕಾಣ್ತಾಳ ನೋಡು" ಎಂದಳು. ನಮಗೆ ಖುಷಿಯೇ ಆಯಿತು. ಅದು ಊತ ಎಂದು ಹೇಳುವವರು ಯಾರಿದ್ದರು?

ಇನ್ನು ಕಾವ್ಯಳ ಮೂತ್ರ ಕೆಂಪಾದ ಮಾತು. ಬೇರೆ ಊರಿನಲ್ಲಿ ಮಗುವಿನ ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಾಯಿ ಓಡುತ್ತಾಳೆ. ನಮ್ಮಲ್ಲಿ ಅದಿರಿನ ಧೂಳಿಗೆ ಸ್ನಾನದ ನೀರು ಕೆಂಪು, ಬಟ್ಟೆ ಹಿಂಡಿದ ನೀರು ಕೆಂಪು. ಕೊಡದ ನೀರನ್ನು ಅಲುಗಿಸದೆ ಇಟ್ಟು, ಕೆಂಪು ತಳಕ್ಕೆ ಕೂತ ಮೇಲೆ ಮೇಲಿನದನ್ನು ತೋಡಿ ಕುಡಿಯುವವರು ನಾವು. ಕೆಂಪು ಕಂಡು ಗಾಬರಿಯಾಗುವುದನ್ನು ಬಿಟ್ಟು ಬಹಳ ಕಾಲವಾಯಿತು. "ನೀರು ಇನ್ನೂ ತಿಳಿ ಆಗಿದ್ದಿಲ್ಲ ಕಾಣತೈತಿ" ಎಂದರು ಅತ್ತೆ. ಆದರೂ ಮತ್ತೆ ನಿಮ್ಮ ಆಸ್ಪತ್ರೆಗೇ ಹೋದೆ. ಅದೇ ಕುರ್ಚಿ, ಅದೇ ಡಾಕ್ಟರು. ಮೂತ್ರ ಪರೀಕ್ಷೆಗೆ ಬರೆಯಲಿಲ್ಲ. "ನೀರು ಇನ್ನೂ ಜಾಸ್ತಿ ಕುಡಿಸ್ರಿ, ಒಳಗಿಂದೆಲ್ಲಾ ತೊಳಕೊಂಡು ಹೋಗತೈತಿ" ಎಂದರು. ದೊಡ್ಡವರ ಮಾತು. ಚೊಂಬು ಹಿಡಿದು ಎದುರಿಗೆ ನಿಂತು ಕುಡಿಸಿದೆ. ಅವಳು "ಬ್ಯಾಡವ್ವ, ಹೊಟ್ಟಿ ತುಂಬೇತಿ" ಎಂದಳು. ಗದರಿಸಿ ಕುಡಿಸಿದೆ. ಕುಡಿದದ್ದು ಹೊರಗೆ ಹೋಗಲಿಲ್ಲ. ಕಾಲು, ಹೊಟ್ಟೆ, ಕಣ್ಣು ಬಾತು, ಮಲಗಿದರೆ ಉಸಿರು ಕಟ್ಟತೊಡಗಿದಾಗ ನನ್ನ ಯಜಮಾನರು ಹಾಲೇಶ್ ಅವಳನ್ನು ಹೊತ್ತುಕೊಂಡು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಓಡಿದರು, ಹಿಂದೆ ನಾನು.

ಅಲ್ಲಿನ ಡಾಕ್ಟರಮ್ಮ ಮೊದಲು ಕೇಳಿದ್ದು, "ಇಷ್ಟು ನೀರು ಕುಡಿಸು ಅಂತ ಯಾರು ಹೇಳಿದ್ರಮ್ಮ?" ನಾನು ಹೇಳಿದೆ. ಅವರು ಮೊದಲು ನೀರನ್ನು ಅಳೆದು ಕೊಡುವಂತೆ ಬರೆದರು. ಗಂಟಲಿಗೆ ಹತ್ತಿದ ಒಂದು ಕ್ರಿಮಿಯ ಹಿಂದೆಯೇ ಎರಡು ಕಾಯಿಲೆ ಬಂದಿವೆ ಎಂದು ಆಮೇಲೆ ತಿಳಿಸಿ ಹೇಳಿದರು. ಒಂದು ಕಾಯಿಲೆ ಕೀಲು ಹಿಡಿದು ಹೃದಯಕ್ಕೆ ಇಳಿದಿತ್ತು, ಇನ್ನೊಂದು ಮೂತ್ರಪಿಂಡಕ್ಕೆ. ಎರಡೂ ಒಂದೇ ಮಗುವಿಗೆ ಒಟ್ಟಿಗೆ ಬರುವುದು ಅಪರೂಪವಂತೆ; ಡಾಕ್ಟರಿಕೆ ಕಲಿಯುವ ಹುಡುಗ ಹುಡುಗಿಯರು ಗುಂಪಾಗಿ ಬಂದು ನೋಡಿಹೋದರು. ಗಂಟಲು ನೋವಿದ್ದಾಗಲೇ ಪೆನ್ಸಿಲಿನ್ ಕೊಟ್ಟಿದ್ದರೆ ಹೃದಯ ಬಹುಶಃ ಉಳಿಯುತ್ತಿತ್ತು, ಮೂತ್ರಪಿಂಡದ ಮಾತು ಖಚಿತವಾಗಿ ಹೇಳಲಾಗದು ಎಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಡಾಕ್ಟರನ್ನು ನಾನು ಮೊದಲ ಸಲ ನೋಡಿದ್ದು.

ಇದನ್ನೆಲ್ಲ ಬರೆಯುವಾಗ ಸಿಟ್ಟು ಬರಬೇಕಿತ್ತು. ಬರುತ್ತಿಲ್ಲ. ಅಳುವೂ ಬರುತ್ತಿಲ್ಲ. ರೊಟ್ಟಿ ಬಡಿಯುತ್ತೇನೆ, ಗಿರಾಕಿಗೆ ಪಲ್ಯ ಬಡಿಸುತ್ತೇನೆ, ಮೈಯೆಲ್ಲ ಮರಗಟ್ಟಿದಂತಿದೆ. ಮೂತ್ರಪಿಂಡ ಸುಧಾರಿಸಿತು. ಕವಾಟ ಸೋರುತ್ತಲೇ ಇದೆ. ಗಂಟಲಿಗೆ ಮತ್ತೆ ಆ ಕ್ರಿಮಿ ಬಂದರೆ ಉಳಿದದ್ದೂ ಹೋಗುತ್ತದೆ. ಅದಕ್ಕೆ ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಸೂಜಿ, ಅವಳು ದೊಡ್ಡವಳಾಗುವ ತನಕ.

ಆ ಸೂಜಿ ನಿಮ್ಮ ಆಸ್ಪತ್ರೆಯಲ್ಲಿ ಹಾಕುವುದಿಲ್ಲ. ನರ್ಸ್ ವಿರುಪಮ್ಮ ಒಳ್ಳೆಯ ಹೆಂಗಸು, ತಲೆ ತಗ್ಗಿಸಿಯೇ ಹೇಳಿದಳು: "ರಿಯಾಕ್ಷನ್ ಆದ್ರ ಯಾರ್ ಹೊಣಿ ಅಕ್ಕಾ? ಇಲ್ಲಿ ಚುಚ್ಚಬ್ಯಾಡ್ರಿ ಅಂತ ಮ್ಯಾಗಿನವ್ರು ಹೇಳ್ಯಾರ." ಮೇಲಿನವರೆಂದರೆ ತಾವು. ಸೂಜಿಯ ಅಪಾಯಕ್ಕೆ ತಾವು ಇಷ್ಟು ಹೆದರುತ್ತೀರಿ, ಸೂಜಿ ಇಲ್ಲದ ಅಪಾಯಕ್ಕೆ ಹೆದರುವ ಕೆಲಸ ನಮಗೆ ಬಿಟ್ಟಿದ್ದೀರಿ. ಕಳೆದ ವಾರ ಬಳ್ಳಾರಿ ರಸ್ತೆಯಲ್ಲಿ ಲಾರಿಗಳ ನಡುವೆ ಬಸ್ಸು ಸಿಕ್ಕಿಬಿತ್ತು. ತಲುಪುವಷ್ಟರಲ್ಲಿ ಡಾಕ್ಟರು ಎದ್ದು ಹೋಗಿದ್ದರು. ಆ ಸಲದ ಸೂಜಿ ತಪ್ಪಿತು.

ನಾನು ದೊಡ್ಡದೇನೂ ಕೇಳುತ್ತಿಲ್ಲ. ಗಂಟಲು ನೋವೆಂದು ಬಂದ ಮಗುವಿನ ಬಾಯಿ ತೆರೆಸಿ ನೋಡುವಂತೆ ಹೇಳಿ. ಮೂತ್ರ ಕೆಂಪಾದರೆ ಪರೀಕ್ಷೆ ಮಾಡಿಸಲಿ. ಪೆನ್ಸಿಲಿನ್ ಸೂಜಿಯನ್ನೂ ರಿಯಾಕ್ಷನ್ ಆದರೆ ನೋಡಿಕೊಳ್ಳುವ ಔಷಧವನ್ನೂ ಇಟ್ಟು, ಇಲ್ಲೇ ಹಾಕಲು ಲಿಖಿತ ಆದೇಶ ಕೊಡಿ.

ಬೇಗ ಕೊಡಿ. ನಿನ್ನೆ ಕಾವ್ಯ ಅರ್ಧ ರೊಟ್ಟಿ ಬಿಟ್ಟೆದ್ದಳು. "ಗಂಟ್ಲ ನೋಯ್ತೈತೇನ?" ಎಂದು ಕೇಳಿದೆ. "ಇಲ್ಲವ್ವ" ಎಂದಳು. ಇವತ್ತು ಬೆಳಿಗ್ಗೆ ಹಾಲು ಕೊಟ್ಟೆ. ಕಣ್ಣು ಮುಚ್ಚಿಕೊಂಡು ನುಂಗಿದಳು.

ಇಂತಿ,
ನಾಳೆ ಸೋಮವಾರ ಬೆಳಿಗ್ಗೆ ನಿಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಮಗಳೊಂದಿಗೆ ಕೂತಿರುವ
ಸುನಿತಾ
ಚಿತ್ತವಾಡ್ಗಿ, ಹೊಸಪೇಟೆ